ಅಳತೆಗೊಂದು ಕೈ

ಎಲೆ ಉದುರುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಗುಡ್ಡ ಹತ್ತಲು ಹೊರಡುತ್ತಾರೆ, ಕ್ಯಾಮೆರಾ ದೊಡ್ಡಪ್ಪ ಮಾತ್ರ ಗುಡ್ಡದ ಬುಡದಲ್ಲೇ ಬೋರಲು ಬೀಳುತ್ತಾರೆ. "ನೀವು ನಡೀತಾ ಇರಿ, ಒಂದೇ ಒಂದು ಫೋಟೋ, ಬಂದೇಬಿಟ್ಟೆ" ಎನ್ನುತ್ತಾರೆ. ಅವರು ಬಂದೇಬಿಡುವಷ್ಟರಲ್ಲಿ ಉಳಿದವರು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಇಳಿಯಲು ಬೂಟು ಕಟ್ಟುತ್ತಿರುತ್ತಾರೆ. ಕೆಂಪೆಲೆ ಅಲುಗಿದರೆ ದೊಡ್ಡಪ್ಪ ಗಾಳಿಯನ್ನೇ ಗದರುತ್ತಾರೆ, ಜೇಡ ಬಲೆ ನೇಯ್ದು ಮುಗಿಸುವತನಕ ಉಸಿರು ಬಿಗಿಹಿಡಿಯುತ್ತಾರೆ. "ಬಿಟ್ಬಿಡಿ ಭಾವ, ಆ ಅಣಬೆ ನಾಚ್ಕೊಂಡು ಮಣ್ಣೊಳಗೆ ಹೋಗುತ್ತೆ" ಎಂದು ತಮ್ಮನ ಹೆಂಡತಿ ನಗುತ್ತಾಳೆ. ಅಣಬೆಯ ಗಾತ್ರ ತಿಳಿಯಬೇಕಾದರೆ ಪಕ್ಕದಲ್ಲಿ ಅಳತೆಗೆ ಏನಾದರೂ ಇರಲೇಬೇಕೆಂಬುದು ದೊಡ್ಡಪ್ಪನ ಹಟ. ಮೊದಲೆಲ್ಲ ಅದು ಕೈಗವಸು ತೊಟ್ಟ ಹೆಂಡತಿಯ ಕೈ. "ಬೇಗ ತೆಗೀರಿ, ಸೊಂಟ ಹಿಡ್ಕೊಳ್ತು" ಎಂದು ಗೊಣಗುತ್ತಲೇ ಆಕೆ ಕೈ ಚಾಚುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮಕ್ಕಳೊಂದು ಸ್ಕೇಲು ತಂದುಕೊಟ್ಟರು. ಅದು ಚೀಲದ ತಳ ಬಿಟ್ಟು ಎದ್ದಿಲ್ಲ. ಎಲ್ಲರ ಮಾತು ತಿರುವಿನಾಚೆ ಕರಗಿದ ಮೇಲೆ ದೊಡ್ಡಪ್ಪ ಜೇಬಿನಿಂದ ಆ ಉಣ್ಣೆಯ ಕೈಗವಸು ತೆಗೆದು, ಒಂದೊಂದೇ ಬೆರಳನ್ನು ನೇರಮಾಡಿ, ಅಣಬೆಯ ಪಕ್ಕ ಮಲಗಿಸುತ್ತಾರೆ. ಗಾಳಿಗೆ ಅದರ ಕಿರುಬೆರಳು ಮಿಸುಕುತ್ತದೆ. "ಅಲ್ಲಾಡಿಸ್ಬೇಡ ಕಣೇ," ಎನ್ನುತ್ತಾರೆ, "ಒಂದೇ ಒಂದು."