ಫೋನ್ ಬೇಡವೆಂದು ನಾನೇ ಬರೆದುಕೊಟ್ಟೆ

ದಾವಣಗೆರೆಯಲ್ಲಿ, ಬೆಳೆಗೆ ಔಷಧಿ ಹೊಡೆಯುವ ಪಂಪು ತಯಾರಿಸುವ ಕಂಪನಿಯ ಆಫೀಸಿನಲ್ಲಿ ನನ್ನ ಕೆಲಸ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಿರಾಕಿಗಳ ಫೋನ್ ಎತ್ತುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹರಿಹರದ ಬಾಡಿಗೆ ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ “ದಾವಣಗೆರೆ” ಎನ್ನುವುದು ಬಿಟ್ಟರೆ ದಿನದ ಮಾತೆಲ್ಲ ಆ ಫೋನಿನಲ್ಲೇ. ಪಂಪು ಕೆಟ್ಟಿದೆ ಎಂದು ಶುರುವಾದದ್ದು ಮಳೆ, ಭತ್ತ, ಮಗಳ ಬಾಣಂತನದವರೆಗೂ ಹೋಗುತ್ತಿತ್ತು.

ಒಂದು ದಿನ ಮಾಲೀಕರು ಕರೆದರು. “ಮೇಡಂ, ಫೋನ್ ಐತೆ, ಫೇಸ್‌ಬುಕ್ ಐತೆ, ಇ-ಮೇಲ್ ಐತೆ, ವೆಬ್‌ಸೈಟ್ ಐತೆ, ವಾಟ್ಸಾಪ್ ಐತೆ. ಎಲ್ಲಾ ಕಡೆ ಕಂಪ್ಲೇಂಟ್ ಬಿದ್ದಿರ್ತಾವೆ, ಯಾವುದಕ್ಕೂ ಸರಿಯಾಗಿ ಉತ್ತರ ಹೋಗಲ್ಲ. ಒಂದನ್ನ ಆರಿಸೋಣ. ಗಿರಾಕಿಗಳನ್ನ ನಿಮಗಿಂತ ಬಲ್ಲೋರು ಯಾರದಾರೆ? ಒಂದು ತಿಂಗಳು ನೋಡಿ ಬರೆದುಕೊಡ್ರಿ.”

ನೋಡಿದೆ. ಇ-ಮೇಲ್ ಕಳಿಸುತ್ತಿದ್ದವರು ನಮ್ಮ ಪಂಪು ಮಾರುವ ಅಂಗಡಿಯವರು ಮಾತ್ರ. ಫೇಸ್‌ಬುಕ್‌ನಲ್ಲಿ ಹಬ್ಬದ ಶುಭಾಶಯಕ್ಕೆ ಲೈಕು ಬೀಳುತ್ತಿದ್ದವು, ಪಂಪಿನ ಮಾತು ಯಾರೂ ಎತ್ತುತ್ತಿರಲಿಲ್ಲ. ವೆಬ್‌ಸೈಟಿನ ಫಾರಂ ತುಂಬಲು ಹೋದವರು ಅರ್ಧಕ್ಕೇ ಬಿಟ್ಟಿದ್ದರು. ಫೋನಿನಲ್ಲಾದರೆ “ಅದಾ ರೀ, ಕೆಳಗ ತಿರುಗ್ತೈತಲ್ಲ, ಅದು” ಎಂದು ಎಷ್ಟು ಹೊತ್ತು ಹೇಳಿದರೂ ತಿಳಿಯದ ಭಾಗ, ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂದರೆ ತಿಳಿಯುತ್ತಿತ್ತು. ಮರುದಿನವೇ ಗುತ್ತೂರಿನ ಹತ್ತಿರದ ನಮ್ಮ ಫ್ಯಾಕ್ಟರಿಯಿಂದ ಅದು ಹೊರಡುತ್ತಿತ್ತು. ‘ವಾಟ್ಸಾಪ್ ಒಂದೇ ಸಾಕು, ಫೋನ್ ಬೇಡ’ ಎಂದು ಬರೆಯುವಾಗ ಕೈ ತಡೆಯಿತು. ಆದರೆ ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ, ಹಾಗೇ ಬರೆದುಕೊಟ್ಟೆ.

ಮಾಲೀಕರು ಒಪ್ಪಿ ಫೋನ್ ತೆಗೆಸಿದರು. ಅಲ್ಲಿಂದ ನನ್ನ ಮೇಜು ತಣ್ಣಗಾಯಿತು. ದಿನವಿಡೀ ಫೋಟೋಗಳು: ಸೀಳಿದ ಪೈಪು, ಮುರಿದ ಹಿಡಿಕೆ, ಹಿಂದೆ ಯಾರದೋ ಅಂಗಳ. ಟೈಪು ಮಾಡಿ ಉತ್ತರ ಕಳಿಸುತ್ತಿದ್ದೆ. ಸಂಜೆ ಹರಿಹರದಲ್ಲಿ ಬಾಗಿಲ ಬೀಗ ತೆಗೆಯುವಾಗ, ಬೆಳಿಗ್ಗೆಯಿಂದ ನಾಲ್ಕು ಮಾತೂ ಆಡಿಲ್ಲವೆಂಬುದು ಹೊಳೆಯುತ್ತಿತ್ತು. ಒಮ್ಮೆ ಹಾಲಿನವನ ಜೊತೆ ಬೇಕೆಂದೇ ಜಗಳ ತೆಗೆದೆ. ಪಾಪ, ಅವನು ಅರ್ಧ ಲೋಟ ಹಾಲು ಹೆಚ್ಚಿಗೆ ಹಾಕಿ ಹೋದ.

ಹೀಗಿರುವಾಗ ನಂದಿಗುಡಿ ಕಡೆಯ ಹೆಂಗಸೊಬ್ಬಳು ಪಂಪಿನ ಫೋಟೋ ಕಳಿಸಿದಳು. ಉತ್ತರ ಬರೆದೆ. ಮತ್ತೆ ಅದೇ ಫೋಟೋ ಬಂತು. ಮತ್ತೆ ಬರೆದೆ. ಮೂರನೆಯ ಸಲ ವಾಯ್ಸ್ ಮೆಸೇಜ್ ಬಂತು: “ಅಕ್ಕಾ, ನಂಗೆ ಓದಾಕೆ ಬರಲ್ಲ. ಓದಿ ಹೇಳೋರೂ ಮನ್ಯಾಗಿಲ್ಲ. ಮೊದಲಿನಂಗೆ ಬಾಯಾಗ ಹೇಳ್ರಿ.”

ಉತ್ತರ ಬರಹದಲ್ಲೇ ಹೋಗಬೇಕು ಎಂದು ಮಾಲೀಕರು ಹೇಳಿದ್ದರು. ಆದರೂ ಮೈಕಿನ ಗುರುತು ಒತ್ತಿ ಹಿಡಿದೆ. “ತಂಗೀ, ಒಳಗಿನ ವಾಷರ್ ಒಣಗೈತಿ. ತೆಗೆದು ಎಣ್ಣೆ ಸವರಿ ಹಾಕ್ರಿ, ಗಾಳಿ ಹಿಡೀತೈತಿ.” ಕಳಿಸಿದ ಮೇಲೆ ನನ್ನದೇ ದನಿಯನ್ನು ಇನ್ನೊಮ್ಮೆ ಹಾಕಿ ಕೇಳಿದೆ.

ಮಾಲೀಕರಿಗೆ ನಾನೇ ಹೋಗಿ ಹೇಳಿದೆ. “ಸರ್, ಓದಾಕ ಬರದೋರನ್ನ ನಾನು ನೆನೆಸ್ಕೊಂಡೇ ಇರಲಿಲ್ಲ. ವಾಯ್ಸ್ ಕಳಿಸಿಬಿಟ್ಟೆ.”

ಅವರೆಂದರು: “ಅಂಥೋರಿಗೆ ಮಾತಾಡೇ ಕಳ್ಸ್ರಿ. ಆದ್ರ ಮತ್ತೆ ಫೋನ್ ಬ್ಯಾಡ.”

ಈಗ ವಾರಕ್ಕೆ ನಾಲ್ಕಾರು ವಾಯ್ಸ್ ಮೆಸೇಜ್ ಬರುತ್ತವೆ. ಅವರದನ್ನು ಕೇಳುತ್ತೇನೆ, ನನ್ನದನ್ನು ಕಳಿಸುತ್ತೇನೆ. ನಾನು ಹೇಳುವಾಗ ಆ ಕಡೆಯಿಂದ ‘ಹೂಂ’ ಎನ್ನುವವರಿಲ್ಲ. ನಂದಿಗುಡಿಯವಳ ಪಂಪು ಸರಿಹೋಗಿರಬೇಕು. ಆಮೇಲೆ ಅವಳಿಂದ ಏನೂ ಬಂದಿಲ್ಲ.