ಚೌಡಣ್ಣನ ತೊಟ್ಟಿಗೆ ಸುಣ್ಣ ಬಳಿದ ದಿನ

ಹಿಂದೂಪುರದ ನಮ್ಮ ಬೀದಿಯಲ್ಲಿ ಚೌಡಣ್ಣನನ್ನು ಹುಚ್ಚ ಅನ್ನದವರು ಯಾರೂ ಇರಲಿಲ್ಲ. ನಾನೂ ಅಂದವನೇ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಇಬ್ಬರೂ ಇಪ್ಪತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು ದುಡಿದವರು. ಸಂಜೆ ನಾವು ಬರಿಗೈಲಿ ಮನೆಗೆ ಹೊರಟರೆ, ಅವನು ಗೂಡಿನೊಳಗೆ ಬೆಂದ ಹುಳುಗಳನ್ನು ಡಬ್ಬಿ ತುಂಬ ಹೊತ್ತುಕೊಂಡು ಬರುತ್ತಿದ್ದ. ಆಟೋದಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಆ ಹುಳು ಅವನ ಹಿತ್ತಲ ತೊಟ್ಟಿಯಲ್ಲಿ ಅಂದಕ್ಕೆ ಸಾಕಿದ್ದ ಬಣ್ಣದ ಕೊಯಿ ಮೀನುಗಳಿಗೆ. ಮಗಳು ಸುಷ್ಮಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹಟ ಹಿಡಿದು ಕೊಡಿಸಿಕೊಂಡ ಬೆರಳುದ್ದದ ಐದು ಮರಿಗಳು, ಹನ್ನೊಂದು ವರ್ಷದಲ್ಲಿ ಮೊಳ ಮೀರಿ ಬೆಳೆದಿದ್ದವು. ಎಲ್ಲಕ್ಕೂ ದೊಡ್ಡದು ಕೆಂಚಿ. ಮೈಯೆಲ್ಲ ಬಿಳುಪು, ನೆತ್ತಿಯ ಮೇಲೆ ಅಂಗೈಯಗಲ ಕೆಂಪು. ಚೌಡಣ್ಣ ನೀರಿಗೆ ಕೈಯಿಟ್ಟರೆ ಬಂದು ಬೆರಳು ಚೀಪುತ್ತಿತ್ತು. ಸಾರಿಗಾಗದ ಮೀನಿಗೆ ಇಷ್ಟು ಉಪಚಾರವೇ ಎಂದು ನಾವು ರೇಗಿಸಿದರೆ ನಗುತ್ತಿದ್ದ. ಆದರೆ ತೊಟ್ಟಿಯ ಹತ್ತಿರ ಸೋಪು ತಂದವರನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ. ಹೆಂಡತಿ ಬೀರಕ್ಕನ ಬಟ್ಟೆ ಒಗೆಯುವ ಕಲ್ಲನ್ನೇ ಮನೆ ಮುಂದಕ್ಕೆ ಸಾಗಿಸಿದ್ದ.

ಅಷ್ಟು ಎಚ್ಚರದ ಮನುಷ್ಯ ಎಡವಿದ್ದು ಮಗಳಿಗಾಗಿ.

ಸುಷ್ಮಾಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಎರಡು ಸಲ ಬಸಿರು ನಿಲ್ಲಲಿಲ್ಲ. ಅತ್ತೆ ಮುನಿಯಕ್ಕ ಕೆಟ್ಟವಳಲ್ಲ, ಆದರೆ ಹಲ್ಲಿ ಲೊಚಗುಟ್ಟಿದರೂ ಶಕುನ ಎಣಿಸುವವಳು. ಎರಡು ಸಲವೂ ಅದನ್ನು ಸೊಸೆಯ ಕಾಲ್ಗುಣಕ್ಕೆ ಕಟ್ಟಿದಳು. ಮೂರನೆಯ ಸಲ ಮಗು ಉಳಿಯಿತು. ಮೂರು ತಿಂಗಳು ತುಂಬಿ, ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಮುಂಚೆ ಬಾವಿಗೆ ಗಂಗೆಪೂಜೆ ಆಗಬೇಕಿತ್ತು. ಬೀದಿಯ ಬಾವಿಗಳನ್ನೆಲ್ಲ ಎಂದೋ ಮುಚ್ಚಿದ್ದರು.

"ನಲ್ಲಿಗೆ ಯಾರಾನ ಕುಂಕುಮ ಇಕ್ತಾರೇನಣ್ಣಾ?" ಎಂದು ಮುನಿಯಕ್ಕ ಫೋನಿನಲ್ಲಿ ಕೇಳಿದಳು. "ನಿಮ್ ತೊಟ್ಟಿ ಐತಲ್ಲ, ಜೀವ ಇರೋ ಗಂಗೆ. ಮೀನು ಮ್ಯಾಕೆ ಬಂದು ಆಡಿದ್ರೆ ಮಗೀಗೆ ಆಯಸ್ಸು. ಸುಣ್ಣ ಕೆಮ್ಮಣ್ಣು ಬಳ್ದು, ನೀರು ತುಂಬಿ ತುಳುಕೋ ಹಂಗೆ ಮಾಡ್ರಿ."

ಸುಣ್ಣ ತಂದುಕೊಟ್ಟವನು ನಾನು. ಹಿಂದಿನ ಸಂಜೆ ಚೌಡಣ್ಣ ತೊಟ್ಟಿಯ ಕಟ್ಟೆಗೆ ಒಳಗೂ ಹೊರಗೂ ದಪ್ಪಗೆ ಬಳಿದ. ನೀರು ಒಂದು ಗೇಣು ಕೆಳಗಿತ್ತು, ಭಯವಿಲ್ಲ ಅಂದುಕೊಂಡ. ಬೆಳಿಗ್ಗೆ ಬೋರಿನ ಮೋಟರು ಹಾಕಿ, ತೊಟ್ಟಿ ತುಂಬಲಿ ಎಂದು ಬಾಗಿಲಿಗೆ ಮಾವಿನೆಲೆ ಕಟ್ಟಲು ಹೋದ. ನೀರು ಏರಿ ಹಸಿ ಸುಣ್ಣವನ್ನೆಲ್ಲ ತೊಳೆದುಕೊಂಡು ಒಳಗೆ ಎಳೆದುಕೊಂಡಿತು.

ಅವನು ಕೂಗಿದ್ದು ಕೇಳಿ ನಾನು ಓಡಿದೆ. ಪಂಚೆ ಸಮೇತ ತೊಟ್ಟಿಗಿಳಿದಿದ್ದ. ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಂಚಿ ಮಾತ್ರ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಹಳೆಯ ಸೀರೆಯಲ್ಲಿ ಹಿಡಿದು, ಬಚ್ಚಲ ಹಿಂದಿನ ನೀಲಿ ಡ್ರಮ್ಮಿಗೆ ಹೊಸ ನೀರು ತುಂಬಿ ಬಿಟ್ಟೆವು. ಸತ್ತವನ್ನು ಗೋಣಿಚೀಲದಡಿ ಮುಚ್ಚಿದೆವು. ಬೀರಕ್ಕ ಒಳಗೆ ಮಗಳಿಗೆ ಎಣ್ಣೆನೀರು ಹಾಕುತ್ತಿದ್ದಳು, ಇಬ್ಬರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅಳಿಯ ಗಂಗಾಧರನ ಫೋನು ಬಂತು: "ಮಾವಾ, ಪೆನುಕೊಂಡ ದಾಟಿದ್ವಿ. ಇನ್ನೊಂದ್ ಗಂಟೆ ಅಷ್ಟೆ."

ತೊಟ್ಟಿ ಬರಿದು ಮಾಡಿ ಮತ್ತೆ ತುಂಬಿಸಲು ಅರ್ಧ ದಿನ ಬೇಕು. ಚೌಡಣ್ಣ ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಕೆಂಚಿಯ ಕಿವಿರು ನಿಧಾನಕ್ಕೆ ಹದಕ್ಕೆ ಬರುತ್ತಿತ್ತು. "ಉಳ್ಕಂತಾಳೆ ಕಣ್ಲಾ" ಎಂದು ನನ್ನ ಕೈ ಹಿಡಿದುಕೊಂಡ.

ಮುನಿಯಕ್ಕ ಕಾರಿಳಿದವಳೇ ಹಿತ್ತಲಿಗೆ ಬಂದು ತೊಟ್ಟಿಗೆ ಬಗ್ಗಿದಳು. "ಐದು ಮೀನಿದ್ವಲ್ಲಣ್ಣಾ, ಎಲ್ಲೋದ್ವು?" ಅವಳ ಮುಖ ಸಣ್ಣಗಾಯಿತು.

"ಕಾರಿನ ಸದ್ದಿಗೆ ತಳಕ್ಕೋಗವೆ ಅಕ್ಕಾ. ಕಾಫಿ ಕುಡ್ಕಂಡು ಬರ್ರಿ, ಆಟೊತ್ಗೆ ಬತ್ತವೆ" ಎಂದ ಚೌಡಣ್ಣ.

ಅವಳು ಒಳಗೆ ಹೋಗುತ್ತಲೇ ಅವನು ಡ್ರಮ್ಮಿನ ಕಡೆ ನಡೆದ. ನನಗೆ ಅರ್ಥವಾಗಿ ಕೈ ಅಡ್ಡ ಹಾಕಿದೆ. "ಬ್ಯಾಡ ಕಣಣ್ಣ. ತೊಳೆಯಾಕೆ ತೆಗ್ದಿದ್ದೀವಿ ಅನ್ನು."

"ಉಳಿದ್ ನಾಕು ಎಲ್ಲಿ ಅಂದ್ರೆ ಏನ್ ತೋರಿಸ್ಲಿ? ಮಗಿ ಗಂಗೆಪೂಜೆ ದಿನ ಮೀನು ಸತ್ವು ಅಂತ ಸಾಯೋಗಂಟ ನನ್ ಮಗಳು ಅನ್ನಿಸ್ಕಂಡಿರ್ಬೇಕಾ? ಕೆಂಚಿ ಒಬ್ಳು ಮ್ಯಾಕೆ ಬಂದ್ರೆ ಸಾಕು, ಉಳಿದವು ತಳದಾಗವೆ ಅಂತೀನಿ. ಬುಡ್ಲಾ ಕೈಯ."

ಕೂಸನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿದ. ಕೆಂಚಿ ಕೊಸರಲಿಲ್ಲ, ಅವನ ಕೈಯಲ್ಲವೇ. ಸುಣ್ಣದ ನೀರಿಗೆ ಬಿಟ್ಟ.

ಹೆಂಗಸರು ಬಂದರು. ಸುಷ್ಮಾ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಕೈಮುಗಿದಳು. ಮಗುವನ್ನು ಚೌಡಣ್ಣನ ಕೈಗೆ ಕೊಟ್ಟಿದ್ದರು. ಕೆಂಚಿ ಮೇಲೆ ಬಂದು ಬಾಯಿ ತೆರೆಯಿತು, ಮತ್ತೆ ಮತ್ತೆ ತೆರೆಯಿತು.

"ನೋಡ್ರೇ, ಗಂಗಮ್ಮ ಬಾಯ್ಬುಟ್ಟು ಕೇಳ್ತಾವ್ಳೆ!" ಮುನಿಯಕ್ಕ ಕಣ್ಣೊರೆಸಿಕೊಂಡು ಸೊಸೆಗೆ ನೆಟಿಗೆ ಮುರಿದಳು. "ನನ್ ಸೊಸೆ ಕಾಲ್ಗುಣ ದೊಡ್ಡದು ಕಣ್ರಮ್ಮ."

ಮೂರು ಹಾಡು ಹೇಳಿದರು. ಒಂದಾದರೂ ಬಿಡಬಾರದೇ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಕೆಂಚಿ ತೇಲಿಕೊಂಡು ಚೌಡಣ್ಣ ನಿಂತ ಮೂಲೆಗೇ ಬಂದು, ಅವನ ಕೈ ಹುಡುಕಿತು. ಅವನ ಎರಡೂ ಕೈಯಲ್ಲಿ ಮೊಮ್ಮಗಳಿದ್ದಳು.

ಆರತಿ ಮುಗಿಸಿ ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ ಅವನು ನೀರಿಗಿಳಿದ. ಬಾಯಿಗೆ ಬೆರಳು ಕೊಟ್ಟ. ಅದು ಚೀಪಲಿಲ್ಲ.

ಈಗ ತೊಟ್ಟಿ ಖಾಲಿ ಬಿದ್ದಿದೆ. ಭಾನುವಾರ ಭಾನುವಾರ ಸುಷ್ಮಾ ಫೋನು ಮಾಡುತ್ತಾಳೆ. ಅತ್ತೆ ಈಗ ತನ್ನನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾಳಂತೆ. ಆಮೇಲೆ ತಪ್ಪದೆ ಕೇಳುತ್ತಾಳೆ, "ಕೆಂಚಿ ಹೆಂಗವ್ಳಪ್ಪಾ?"

"ಹೊಟ್ಟೆ ತುಂಬ ಹುಳ ತಿಂದು ಆಡ್ತಾವ್ಳೆ ಕಣಮ್ಮ."

ಮೊನ್ನೆ ಅವಳೆಂದಳಂತೆ, "ಯುಗಾದಿಗೆ ಅತ್ತೇನೂ ಕರ್ಕಂಡು ಬತ್ತೀನಿ. ಮಗೀಗೆ ಕೆಂಚಿನ ತೋರಿಸ್ಬೇಕು."

ಯುಗಾದಿಗೆ ಇನ್ನು ಹದಿನೆಂಟು ದಿನ. ಚೌಡಣ್ಣ ದಿನಾ ಬೆಳಿಗ್ಗೆ ಬಂದು ನನ್ನ ಜಗಲಿಯ ಮೇಲೆ ಕೂರುತ್ತಾನೆ. ಏನು ಮಾಡೋಣ ಎಂದು ಕೇಳುತ್ತಾನೆ. ಸುಣ್ಣ ತಂದುಕೊಟ್ಟವನು ನಾನು, ಅವನ ಮುಂದೆ ಕಾಫಿ ಲೋಟ ಇಟ್ಟು ಪಕ್ಕದಲ್ಲಿ ಕೂರುತ್ತೇನೆ.