ಎಡ ದವಡೆಯ ಕಿವಿ

ನಮ್ಮ ಭಾವ ಮೋಟಾರು ರಿಪೇರಿಯವರು. ಮೂವತ್ತು ವರ್ಷ ವರ್ಕ್‌ಶಾಪಿನ ಗದ್ದಲದಲ್ಲಿದ್ದು ಎರಡು ಕಿವಿಯೂ ಮಂದವಾಗಿವೆ. ನಮ್ಮಕ್ಕ ಪಕ್ಕದಲ್ಲೇ ನಿಂತು ಕೂಗಿದರೂ ತಿರುಗಿ ನೋಡುವುದಿಲ್ಲ. ಅದರಲ್ಲಿ ಅರ್ಧ ನಾಟಕವೆಂದು ನನ್ನ ಗುಮಾನಿ. ಆದರೆ ಓಡುವ ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಎಡ ದವಡೆಯಲ್ಲಿ ಕಚ್ಚಿ ಕಣ್ಣು ಮುಚ್ಚಿದರೆಂದರೆ, ಒಳಗೆ ಏನು ಕೆಟ್ಟಿದೆ ಎಂಬುದು ಹಲ್ಲಿನಿಂದಲೇ ತಲೆಗೆ ತಿಳಿಯುತ್ತದೆ. ಕಿವಿ ಮಂದವಾದ ವಿಷಯ ಮಾಲೀಕರಿಗೆ ಇನ್ನೂ ಗೊತ್ತಿಲ್ಲ.

ಕೊನೆಗೆ ಆ ಹಲ್ಲೇ ಕೈಕೊಟ್ಟಿತು. ಎರಡು ತಿಂಗಳು ಲವಂಗ ಒತ್ತಿಕೊಂಡು ತುಟಿಪಿಟಕ್ಕೆನ್ನಲಿಲ್ಲ. ಒಂದು ಬೆಳಿಗ್ಗೆ ತಣ್ಣೀರು ಕುಡಿದು ಚೀರಿದಾಗ ಗುಟ್ಟು ರಟ್ಟಾಯಿತು. ಅಕ್ಕ ನನ್ನನ್ನು ಕಾವಲಿಗೆ ಹಾಕಿ ಹಲ್ಲಿನ ಡಾಕ್ಟರ ಬಳಿ ಅಟ್ಟಿದಳು.

ಕೀಳಬೇಕಿಲ್ಲ, ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ ಎಂದರು ಡಾಕ್ಟರಮ್ಮ. ಸೋಂಕು ತಗುಲಿದ ನರ ತೆಗೆದು, ಟೊಳ್ಳು ತೊಳೆದು, ತುಂಬಿ ಮುಚ್ಚುವುದಂತೆ. ನರ ಎಂದೊಡನೆ ಭಾವನ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನೆಲ್ಲ ಅಲ್ಲೇ ಬಾಯಿಬಿಟ್ಟರು.

“ನರ ತೆಗೆದ್ರೆ ಕೇಳ್ಸೋದೇ ನಿಂತ್ಹೋಗುತ್ತೆ. ಆಮೇಲೆ ನಾನು ಯಾವ ಕೆಲಸಕ್ಕೂ ಬರಲ್ಲ.”

ಡಾಕ್ಟರಮ್ಮ ನಗಲಿಲ್ಲ. “ಆ ನರ ನೋವು ಹೇಳೋಕಷ್ಟೇ. ಸದ್ದು ಮೂಳೇಲಿ ಹೋಗುತ್ತೆ, ಹಲ್ಲು ಮೂಳೇಲೇ ಇರುತ್ತೆ. ನೋವಾದ್ರೆ ಕೈಯೆತ್ತಿ.”

ಭಾವ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಇಂಜೆಕ್ಷನ್ನಿಗೆ ಕೆನ್ನೆ ಮರಗಟ್ಟಿತು. ಹುಳುಕು ಆಗಲೇ ತೂತು ಮಾಡಿದ್ದ ಹಲ್ಲಿನೊಳಗೆ ಕೂದಲೆಳೆಯಂಥ ಸೂಜಿಗಳು ಸದ್ದಿಲ್ಲದೆ ಹೋಗಿ ಬಂದವು. ಕೊನೆಗೆ ಹತ್ತಿಯ ಮೇಲೆ ಒಂದು ಕೆಂಪು ಎಳೆ ಬಂದು ಬಿತ್ತು. ಅದೇ ನರ ಎಂದರು. ಭಾವ ಅದನ್ನೇ ನೋಡುತ್ತ ಕುರ್ಚಿಯ ಕೈ ಬಿಗಿಹಿಡಿದರು. ಚಿಂತೆ ಹತ್ತಿದ್ದು ನನಗೆ. ನಾಳೆಯಿಂದ ಇವರು ವರ್ಕ್‌ಶಾಪಿನಲ್ಲಿ ಏನು ಮಾಡುತ್ತಾರೆ? ಸ್ಕ್ರೂಡ್ರೈವರ್ ಕಚ್ಚಿ ನೋಡೋಣವೆಂದರೆ, ಕ್ಯಾಪ್ ಕೂರಿಸುವ ತನಕ ಗಟ್ಟಿ ವಸ್ತು ಕಚ್ಚುವಂತಿಲ್ಲ.

ಟೊಳ್ಳು ತುಂಬಿ ಮುಚ್ಚಿದ ಮೇಲೆ, ಉಬ್ಬಿದ ಕಡೆ ಉಜ್ಜಿ ಸಮಮಾಡಲು ಡಾಕ್ಟರಮ್ಮ ತಿರುಗುವ ಮಿಷನ್ನನ್ನು ಹಲ್ಲಿಗೆ ತಾಗಿಸಿದರು. ಭಾವ ತಟ್ಟನೆ ಕೈಯೆತ್ತಿದರು.

ಡಾಕ್ಟರಮ್ಮ ಗಾಬರಿಯಾಗಿ ನಿಲ್ಲಿಸಿ, ನೋವಾಯಿತೇ ಎಂದು ಕೇಳಿದರು. ಭಾವ ಇಲ್ಲವೆಂದು ತಲೆಯಾಡಿಸಿ, ಇನ್ನೊಮ್ಮೆ ತಾಗಿಸಿ ಎಂದು ಸನ್ನೆ ಮಾಡಿ ಕಣ್ಣು ಮುಚ್ಚಿಕೊಂಡರು. ಮಿಷನ್ ಮತ್ತೆ ತಿರುಗಿತು. ಅವರ ಕಣ್ಣಂಚಿನಿಂದ ನೀರಿಳಿದು ಕಿವಿಯತ್ತ ಹರಿಯಿತು.

“ಡಾಕ್ಟ್ರೇ,” ಎಂದರು ಆಮೇಲೆ, ಮರಗಟ್ಟಿದ ತುಟಿಯಲ್ಲೇ, “ಇದ್ರ ಬೇರಿಂಗ್ ಸವೆದಿದೆ.”